ಕೂತ ದೇವರನ್ನು ಎಬ್ಬಿಸದೆ

ನನ್ನ ಮೊದಲ ನೌಕರಿಯಲ್ಲಿ ನನ್ನ ಕೆಲಸ ಒಂದು ಯಂತ್ರವನ್ನು ಎಬ್ಬಿಸುವುದು. ಎಪ್ಪತ್ತರ ದಶಕದ ಕೊನೆಯ ಮಾತು. ದೇವನಹಳ್ಳಿಯಿಂದ ಆವತಿಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ, ರಾಗಿ ಹೊಲಗಳ ನಡುವೆ, ನೆಲದೊಳಗಿನ ನೀರನ್ನು ಅಧ್ಯಯನ ಮಾಡುವ ಸಣ್ಣ ಕೇಂದ್ರವೊಂದಿತ್ತು. ಅಲ್ಲಿ ಎರಡು ಬೀರುಗಳನ್ನು ಪಕ್ಕಪಕ್ಕ ನಿಲ್ಲಿಸಿದಷ್ಟು ಗಾತ್ರದ ಒಂದು ಕಂಪ್ಯೂಟರು. ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಅಜ್ಜಿಯ ಜೊತೆ ಜಗಳವಾಡಿಕೊಂಡಿದ್ದವಳು, ಅರ್ಜಿ ಹಾಕಿ ಅಲ್ಲಿಗೆ ಆಪರೇಟರ್ ಆಗಿ ಸೇರಿದೆ.

ಯಂತ್ರಕ್ಕೆ ಸೆಕೆ ಆಗಬಾರದೆಂದು ಅದರ ಕೋಣೆಗೆ ಮಾತ್ರ ಏರ್ ಕಂಡೀಶನರ್ ಇತ್ತು. ಹಾಗಾಗಿ ಮೇ ತಿಂಗಳಿನಲ್ಲೂ ನಾನು ಸ್ವೆಟರ್ ಹಿಡಿದುಕೊಂಡು ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದೆ. ಕಂಡಕ್ಟರಿಗೆ ಅದು ದಿನದ ತಮಾಷೆ. "ಏನ್ ಮೇಡಂ, ಊಟಿಗೆ ಒಂದು ಟಿಕೆಟ್ ಕೊಡ್ಲಾ?" ಎನ್ನುತ್ತಿದ್ದ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ, "ರಿಟರ್ನೂ ಸೇರಿಸಿ ಕೊಡಿ" ಅನ್ನುವುದನ್ನು ಕಲಿತೆ.

ಕಂಪ್ಯೂಟರ್ ಅಂದರೆ ಆಗ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ನಾನು ಏನು ಹೇಳಿದರೂ ನಡೆಯುತ್ತಿತ್ತು. ಅದನ್ನು ಎಬ್ಬಿಸುವ ರೀತಿ ಹೀಗೆ. ಕರೆಂಟು ಕೊಟ್ಟ ಕೂಡಲೇ ಅದು ಹಸುಗೂಸು, ಏನೂ ಗೊತ್ತಿರುವುದಿಲ್ಲ. ಉದ್ದಕ್ಕೂ ತೂತು ಹೊಡೆದ ಹಳದಿ ಕಾಗದದ ಒಂದು ಪಟ್ಟಿಯನ್ನು ಅದರ ಬಾಯಿಗೆ ಕೊಡಬೇಕು. ಅದಕ್ಕೆ ನಾವು 'ಎಬ್ಬಿಸೋ ಟೇಪು' ಎನ್ನುತ್ತಿದ್ದೆವು. ಆ ತೂತುಗಳಲ್ಲಿ ಸಾಲುಸಾಲಾಗಿ ಆಜ್ಞೆಗಳಿರುತ್ತಿದ್ದವು: ಹಿಂದಿನದೆಲ್ಲ ಒರೆಸಿಕೋ, ಗಡಿಯಾರ ಸರಿ ಮಾಡಿಕೋ, ಇಂಥ ಕಡೆ ಟೆಲಿಪ್ರಿಂಟರ್ ಇದೆ, ಅದರ ಮಾತು ಕೇಳು, ಅದರಲ್ಲೇ ಉತ್ತರ ಹೊಡಿ. ಯಂತ್ರ ಮೇಲಿನಿಂದ ಕೆಳಗಿನವರೆಗೆ ಓದಿಕೊಂಡು ಒಂದೊಂದನ್ನೇ ಮಾಡಿ ಮುಗಿಸಿ, ಟೈಪ್‌ರೈಟರಿನಂತಿದ್ದ ಆ ಟೆಲಿಪ್ರಿಂಟರಿನಲ್ಲಿ ಕಟಕಟ ಎಂದು 'ಸಿದ್ಧ' ಎಂಬರ್ಥದ ಒಂದು ಇಂಗ್ಲಿಷ್ ಪದ ಹೊಡೆಯುತ್ತಿತ್ತು. ಆಮೇಲೆ ಆ ಟೇಪನ್ನು ಅದು ತಿರುಗಿಯೂ ನೋಡುತ್ತಿರಲಿಲ್ಲ. ಗೋಡೆಯ ಮೊಳೆಗೆ ನೇತು ಹಾಕಿಬಿಡುತ್ತಿದ್ದೆವು.

ಆ ಟೇಪಿಗೆ ಪೂಜೆ ಆಗುತ್ತಿತ್ತು. ನಮ್ಮ ಅಟೆಂಡರ್ ಆವತಿಯವನು, ಎರಡೆಕರೆ ಹೊಲ, ಒಂದು ಜೊತೆ ಎತ್ತು, ಜೊತೆಗೆ ಈ ಸಂಬಳದ ಕೆಲಸ. ಗಾಡಿ ಹೂಡುವ ಮುಂಚೆ ನೊಗಕ್ಕೆ ಕೈ ಮುಗಿಯುವವನು ಯಂತ್ರವನ್ನು ಸುಮ್ಮನೆ ಬಿಡುತ್ತಾನೆಯೇ? ಬಂದ ಹೊಸದರಲ್ಲಿ ಟೇಪಿಗೇ ಅರಿಶಿನ ಕುಂಕುಮ ಹಚ್ಚಿಬಿಟ್ಟಿದ್ದ. ಪುಡಿ ತೂತುಗಳಲ್ಲಿ ಕೂತು, ಯಂತ್ರ ಅದನ್ನು ಏನೇನೋ ಓದಿಕೊಂಡು, ಮಧ್ಯಾಹ್ನದವರೆಗೆ ಸೊನ್ನೆಗಳನ್ನೇ ಹೊಡೆಯುತ್ತಾ ಹೋಯಿತು. ಕೇಂದ್ರದ ಮುಖ್ಯಸ್ಥರಾದ ನಮ್ಮ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರೇ ಹೊರತು ಬೈಯಲಿಲ್ಲ. "ಕುಂಕುಮ ಮೊಳೆಗೆ ಇಡಪ್ಪಾ, ಟೇಪಿಗೆ ಬೇಡ" ಎಂದರು. ಅವತ್ತಿನಿಂದ ಆ ಮೊಳೆಗೆ ದಿನಾ ಒಂದು ಬೊಟ್ಟು, ಮೇಲೆ ಒಂದು ಕಣಗಲೆ ಹೂವು. ಹೊಸ ಟೇಪು ತಯಾರಾದ ದಿನ ಒಂದು ತೆಂಗಿನಕಾಯಿ. ಕಾಯಿ ಚೂರು ಬೆಲ್ಲ ಸಿಗುತ್ತಿದ್ದುದರಿಂದ ನಾನಂತೂ ಟೇಪು ಆಗಾಗ ಬದಲಾಗಲಿ ಎಂದೇ ಬಯಸುತ್ತಿದ್ದೆ.

ಸಾಹೇಬರು ಮೈಸೂರಿನವರು. ಯಂತ್ರವನ್ನು 'ಇವನು' ಎನ್ನುತ್ತಿದ್ದರು. ಟೇಪು ಬದಲಾಯಿಸುವ ವಿಷಯದಲ್ಲಿ ಮಾತ್ರ ಅವರದು ಒಂದೇ ನಿಯಮ, ಯಂತ್ರದ ಜೊತೆ ಬಂದ ದಪ್ಪ ಪುಸ್ತಕದಲ್ಲಿ ಬರೆದಂತೆ: ಹೊಸ ಟೇಪು ಮಾಡಿ, ಯಂತ್ರ ನಿಲ್ಲಿಸಿ, ಮತ್ತೆ ಎಬ್ಬಿಸಿ. ಕಾಗದದ ಅಗಲ ಬದಲಾಗಲಿ, ಗಡಿಯಾರ ಹಿಂದೆಮುಂದೆ ಆಗಲಿ, ನಿಲ್ಲಿಸು, ಎಬ್ಬಿಸು. ನಮಗೆ ಯಾರಿಗೂ ಅದು ತಪ್ಪೆಂದು ತೋರಿರಲಿಲ್ಲ. ಆ ನಿಯಮದಿಂದ ಪೆಟ್ಟು ತಿಂದವರು ಒಬ್ಬರೇ, ನಮ್ಮ ಬಾವಿ ಮೇಷ್ಟ್ರು.

ಅವರು ಯಾವ ಕಾಲದಲ್ಲೋ ಸ್ವಲ್ಪ ದಿನ ಸ್ಕೂಲಿನಲ್ಲಿ ಪಾಠ ಹೇಳಿದ್ದರಂತೆ, ಹೆಸರು ಉಳಿದುಕೊಂಡಿತ್ತು. ನಮ್ಮ ಕೇಂದ್ರದಲ್ಲಿ ಅವರ ಕೆಲಸ ಬಾವಿ ಅಳೆಯುವುದು. ಸೈಕಲ್ಲಿನ ಹ್ಯಾಂಡಲ್ಲಿಗೆ ಗಂಟು ಹಾಕಿದ ಹಗ್ಗ, ಹಗ್ಗದ ತುದಿಗೆ ಕಬ್ಬಿಣದ ಗುಂಡು. ಅದನ್ನು ಬಾವಿಗಿಳಿಸಿ, ಗುಂಡು ನೀರು ಮುಟ್ಟಿದ ಸದ್ದಿಗೆ ಕಿವಿ ಕೊಟ್ಟು, ಎಷ್ಟು ಗಂಟು ಒಳಗೆ ಹೋಯಿತೆಂದು ಬರೆದುಕೊಳ್ಳುವುದು. ವರ್ಷಗಟ್ಟಲೆ ಇದನ್ನೇ ಮಾಡಿದ್ದರು. ಬಾವಿ ಅಳೆದರೆ ನೀರಿಗೆ ದೃಷ್ಟಿಯಾಗಿ ಇಳಿದುಹೋಗುತ್ತದೆ ಎಂಬ ಭಯ ಹಳ್ಳಿಗಳಲ್ಲಿ ಇತ್ತು. ಅದಕ್ಕೇ ಅವರು ಅಳೆದಾದ ಮೇಲೆ ಮನೆಯವರ ಕಣ್ಣೆದುರೇ ಒಂದು ಚೊಂಬು ನೀರು ಬಾವಿಗೆ ಸುರಿದು, "ತಗೊಂಡಿದ್ದು ವಾಪಸ್ ಕೊಟ್ಟಿದೀನಿ ಕಣಮ್ಮಾ" ಎಂದು ಕೈಮುಗಿದು ಬರುತ್ತಿದ್ದರು. ಹೀಗಾಗಿ ಯಾವ ಮನೆಯವರೂ ಅವರನ್ನು ಮಜ್ಜಿಗೆ ಕುಡಿಸದೆ ಕಳಿಸುತ್ತಿರಲಿಲ್ಲ.

ಕೇಂದ್ರದ ಬಾಗಿಲಿಗೆ ಸೈಕಲ್ ಒರಗಿಸುತ್ತಲೇ ಅವರದೊಂದು ರಾಗ ಶುರುವಾಗುತ್ತಿತ್ತು. "ಆವತಿ... ಬೂದಿಗೆರೆ... ಅನುಗೊಂಡನಹಳ್ಳಿ..." ಬಾವಿಗಳಿದ್ದ ಊರುಗಳು. ಆ ಸಾಲು ತಪ್ಪುತ್ತಿರಲಿಲ್ಲ, ರಾಗವೂ ತಪ್ಪುತ್ತಿರಲಿಲ್ಲ. ಆ ರಾಗ ಕೇಳಿಸಿದರೆ ಅಟೆಂಡರ್ ಸ್ಟವ್ ಮೇಲೆ ಕಾಫಿಗೆ ನೀರಿಡುತ್ತಿದ್ದ.

ಇಷ್ಟೂ ವರ್ಷದ ಅಳತೆಯನ್ನು ಕಂಪ್ಯೂಟರಿಗೆ ಕೊಟ್ಟು, ಯಾವ ಕಡೆ ನೀರು ಎಷ್ಟು ಬೇಗ ಏರುತ್ತದೆ, ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಲೆಕ್ಕ ಹಾಕಿಸುವುದು ಮೇಷ್ಟ್ರ ಆಸೆ. ನಮ್ಮ ಯಂತ್ರ ಆ ಕಾಲದ್ದು. ಈ ಲೆಕ್ಕಕ್ಕೆ ಅದು ಹಗಲು ರಾತ್ರಿ ಎನ್ನದೆ ದಿನಗಟ್ಟಲೆ ಓಡಬೇಕು. ಒಂದು ಸಲ ಹಾಕಿದಾಗ ಕರೆಂಟು ಹೋಯಿತು, ಜನರೇಟರ್ ಹಿಡಿದುಕೊಳ್ಳುವಷ್ಟರಲ್ಲಿ ಯಂತ್ರ ಮಲಗಿ ಎಲ್ಲ ಮರೆತಿತ್ತು. ಇನ್ನೊಂದು ಸಲ ಹಾಕಿದಾಗ ಸಾಹೇಬರೇ, ಲೆಕ್ಕ ಓಡುತ್ತಿರುವುದು ನೆನಪಿಲ್ಲದೆ, ಕಾಗದದ ಅಗಲ ಸರಿಮಾಡಲು ನಿಲ್ಲಿಸಿ ಎಬ್ಬಿಸಿಬಿಟ್ಟರು. ಮೇಷ್ಟ್ರು ಯಾರನ್ನೂ ಏನೂ ಅನ್ನಲಿಲ್ಲ. ಹೊರಗೆ ಹೋಗಿ ಕರೆಂಟು ಕಂಬದ ಎದುರು ನಿಂತು, "ನಿನ್ ಮನೆ ಹಾಳಾಗ, ನಿಂಗೇನ್ ಅನ್ಯಾಯ ಮಾಡಿದ್ನೋ" ಎಂದು ಅದಕ್ಕೇ ಬೈದು ಬಂದರು. ಸಾಹೇಬರಿಗೆ ಆಮೇಲೆ ಒಂದು ವಾರ ಊಟ ಸೇರಲಿಲ್ಲ.

ಅಷ್ಟರಲ್ಲಿ ಮೇಷ್ಟ್ರಿಗೆ ರಾಯಚೂರಿಗೆ ವರ್ಗವಾಯಿತು. ಹೋಗುವ ದಿನ ಗೊತ್ತಾಗಿತ್ತು. ಮತ್ತೊಂದು ಸಲ ಲೆಕ್ಕ ಹಾಕಿದೆವು. ಈ ಸಲ ಮುಗಿದರೆ ಅವರು ಹೊರಡುವ ದಿನ ಬೆಳಿಗ್ಗೆ ಮುಗಿಯಬೇಕು. ಮುಗಿಯದಿದ್ದರೆ ಅಷ್ಟು ವರ್ಷ ಹಗ್ಗ ಇಳಿಸಿದ್ದೆಲ್ಲ ಬೀರು ಸೇರುವುದು ಖಂಡಿತ. ಹೊಸದಾಗಿ ಬರುವವರಿಗೆ ಈ ಬಾವಿಗಳ ಮೇಲೆ ಏನು ಮಮತೆ? ಮೇಷ್ಟ್ರು ಮನೆಯ ಸಾಮಾನು ಕಟ್ಟುವುದನ್ನು ಹೆಂಡತಿಗೆ ಬಿಟ್ಟು ಯಂತ್ರದ ಕೋಣೆಯ ಹೊರಗೆ ಸ್ಟೂಲ್ ಹಾಕಿ ಕೂತರು. ಒಳಗೆ ಬರಲು ಒಪ್ಪಲಿಲ್ಲ. "ನಾನ್ ನೋಡಿದ್ರೆ ದೃಷ್ಟಿ ಆಗುತ್ತೆ" ಎಂದರು. ಅಷ್ಟು ವರ್ಷ ಹಳ್ಳಿಯವರ ಭಯಕ್ಕೆ ನೀರು ಸುರಿದು ಬಂದ ಮನುಷ್ಯ!

ಅವರು ಹೊರಡುವ ಹಿಂದಿನ ದಿನ ಬೆಳಿಗ್ಗೆ ಒಂದು ವ್ಯಾನು ಬಂತು. ಅದರಲ್ಲಿ ಒಂದು ಹೊಚ್ಚಹೊಸ ಟೆಲಿಪ್ರಿಂಟರ್. ನಾವು ಬಹಳ ದಿನದಿಂದ ಕೇಳಿದ್ದೆವು. ಹಳೆಯದರಲ್ಲಿ ಅಕ್ಷರ ಹೊಡೆಯುತ್ತಾ ಪಕ್ಕಕ್ಕೆ ಸರಿಯುವ ಗಾಡಿ ಅಲ್ಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಟೆಂಡರ್ ಅಂಗೈಯಲ್ಲಿ ಒಂದು ಏಟು ಕೊಟ್ಟರೆ ಮುಂದಕ್ಕೆ ಹೋಗುತ್ತಿತ್ತು. ಸಂತೋಷಪಡುವಷ್ಟರಲ್ಲಿ ಜೊತೆಗಿದ್ದ ಸುದ್ದಿ ತಿಳಿಯಿತು. ನಾಳೆ ಮುಖ್ಯ ಕಚೇರಿಯವರು ನೋಡಲು ಬರುತ್ತಾರೆ. ಅಷ್ಟರಲ್ಲಿ ಹೊಸದು ಕೆಲಸ ಮಾಡುತ್ತಿರದಿದ್ದರೆ, ಅದಕ್ಕಾಗಿ ಕಾಯುತ್ತಿರುವ ಬೇರೆ ಕೇಂದ್ರಕ್ಕೆ ಎತ್ತಿಕೊಂಡು ಹೋಗುತ್ತಾರೆ.

ಸಾಹೇಬರು ಹೊಸ ಸಾಲು ಸೇರಿಸಿ ಹೊಸ ಎಬ್ಬಿಸೋ ಟೇಪು ಮಾಡಿಸಿದರು. 'ಇಂಥ ಕಡೆ ಇನ್ನೊಂದು ಟೆಲಿಪ್ರಿಂಟರ್ ಇದೆ, ಅದರ ಮಾತೂ ಕೇಳು' ಎಂಬ ಸಾಲು. ತೂತು ಹೊಡೆದವಳು ನಾನೇ. ತಂತಿ ಜೋಡಿಸಿದ್ದಾಯಿತು. ಅಟೆಂಡರ್ ಹಳೆ ಟೇಪು ತೆಗೆದು ಹೊಸ ಟೇಪನ್ನು ಮೊಳೆಗೆ ನೇತು ಹಾಕಿ, ಕುಂಕುಮವಿಟ್ಟು, ಹೊಸಿಲ ಮೇಲೆ ಕಾಯಿ ಒಡೆದ. ಕಾಯಿ ಸರಿಯಾಗಿ ಎರಡು ಹೋಳಾಯಿತು. ಆಮೇಲೆ ಎಲ್ಲರೂ ಹೊಸ ಟೆಲಿಪ್ರಿಂಟರಿನ ಎದುರು ಸಾಲಾಗಿ ನಿಂತೆವು. ನಾನೂ ನಿಂತೆ, ಬಿ.ಎಸ್ಸಿ. ಓದಿದ ನಾನು! ಅದು ಕಮಕ್ ಕಿಮಕ್ ಎನ್ನಲಿಲ್ಲ.

"ಕಾಯಿ ಚೆಂದಾಗೇ ಒಡೀತಲ್ಲಾ ಅಮ್ಮಣ್ಣಿ, ಯಾಕ್ ಮಾತಾಡ್ತಿಲ್ಲ ಇದು?" ಎಂದ ಅಟೆಂಡರ್.

ಸಾಹೇಬರು ಹಣೆ ಚಚ್ಚಿಕೊಂಡು ನಗಲು ಶುರುಮಾಡಿದರು. "ಮೊಳೆಗೆ ಹಾಕಿದ್ರೆ ಇವನಿಗೆ ಹೆಂಗಮ್ಮಾ ಗೊತ್ತಾಗುತ್ತೆ? ಇವನು ಎದ್ದಾಗ ಓದಿದ್ದು ಹಳೇ ಟೇಪು. ಹೊಸದು ಓದ್ಬೇಕು ಅಂದ್ರೆ ಮತ್ತೆ ಮಲಗಿ ಏಳ್ಬೇಕು." ಹೀಗೆ ಹೇಳುತ್ತಾ ಹೇಳುತ್ತಾ ಅವರ ನಗು ಅರ್ಧಕ್ಕೇ ನಿಂತಿತು. ಎಲ್ಲರ ಕಣ್ಣೂ ಬಾಗಿಲ ಕಡೆ ಹೋಯಿತು. ಗಾಜಿನ ಆಚೆ ಸ್ಟೂಲ್ ಮೇಲೆ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೂತಿದ್ದರು. ಯಂತ್ರದ ಹೊಟ್ಟೆಯಲ್ಲಿ ಅವರ ಬಾವಿಗಳು ಓಡುತ್ತಿದ್ದವು.

"ನಿಲ್ಲಿಸಲ್ಲ," ಎಂದರು ಸಾಹೇಬರು. "ಆ ಮನುಷ್ಯನ ಲೆಕ್ಕ ನನ್ನ ಕೈಯಿಂದ ಇನ್ನೊಂದ್ ಸಲ ಸಾಯೋದು ಬೇಡ. ಟೆಲಿಪ್ರಿಂಟರ್ ಹೋದ್ರೆ ಹೋಗ್ಲಿ."

ಟೆಲಿಪ್ರಿಂಟರ್ ಹೋಗಲಿ ಎನ್ನುವುದು ಅವರಿಗೆ ಸುಲಭ. ಹಳೆಯದರ ಜೊತೆ ದಿನಾ ಹೆಣಗುವವಳು ನಾನು. ನನಗೆ ಎರಡೂ ಬೇಕಿತ್ತು. ಆಮೇಲೆ ಸಾಹೇಬರಿಗೇ ಒಂದು ಯೋಚನೆ ಬಂತು. ಟೇಪು ಓದುವ ಬಾಯಿ ಖಾಲಿಯೇ ಇದೆಯಲ್ಲ, ಯಂತ್ರ ಎದ್ದಿರುವಾಗಲೇ ಹೊಸ ಟೇಪನ್ನು ಕೊಟ್ಟು ಓದು ಎಂದರೆ? ಮಲಗಿಸುವ ಮಾತೇ ಇಲ್ಲ! ಅವರ ಮುಖ ಅರಳಿತು. ಮೊಳೆಯಿಂದ ಟೇಪು ತೆಗೆದುಕೊಂಡು, ಹೂವನ್ನು ಅಟೆಂಡರ್ ಕೈಗೆ ಕೊಟ್ಟು, ಟೇಪಿನ ತುದಿಯನ್ನು ಬಾಯಿಗೆ ಹಿಡಿದರು.

ಆ ಕ್ಷಣದಲ್ಲಿ ನನಗೆ ನೆನಪಾದದ್ದು ನಮ್ಮನೆಯ ಸತ್ಯನಾರಾಯಣ ಪೂಜೆ.

ಅದು ಹಿಂದಿನ ವಾರವಷ್ಟೇ ನಡೆದಿತ್ತು. ಹೊಸಕೋಟೆಯ ನಮ್ಮ ಚಿಕ್ಕಪ್ಪ ಬರಬೇಕಿತ್ತು. ಅವರು ಹತ್ತಿದ ಬಸ್ಸು ಬೂದಿಗೆರೆ ಹತ್ತಿರ ಕೆಟ್ಟು ನಿಂತಿತು. ಪುರೋಹಿತರು ಎಷ್ಟು ಹೊತ್ತು ಕಾಯುತ್ತಾರೆ? ಕಲಶ ಇಟ್ಟು, ಮನೆಯವರ ಗೋತ್ರ, ನಕ್ಷತ್ರ, ಹೆಸರು ಎಲ್ಲ ಹೇಳಿ ಸಂಕಲ್ಪ ಮಾಡಿಸಿ, ಪೂಜೆ ಅರ್ಧಕ್ಕೆ ಬಂದಿತ್ತು. ಆಗ ಚಿಕ್ಕಪ್ಪ ಬೆವರು ಸುರಿಸುತ್ತಾ ಬಾಗಿಲಲ್ಲಿ ನಿಂತರು. ನಮ್ಮಜ್ಜಿಗೆ ಚಿಕ್ಕಮಗನೆಂದರೆ ಪ್ರಾಣ. "ಅವನ ಹೆಸರು ಬಿಟ್ಟೋಯ್ತಲ್ಲಪ್ಪಾ, ಮೊದ್ಲಿಂದ ಶುರು ಮಾಡ್ಬಿಡಿ" ಎಂದು ಹಟ ಹಿಡಿದರು. ಹಸಿದು ಕೂತಿದ್ದ ನಾವೆಲ್ಲ ಅಜ್ಜಿಯನ್ನು ಕಣ್ಣಲ್ಲೇ ನುಂಗಿದೆವು.

ಪುರೋಹಿತರು ಮಂತ್ರ ನಿಲ್ಲಿಸಿ, "ಏನಮ್ಮಾ, ಕರೆದಿದೀವಿ, ದೇವರು ಬಂದು ಕಲಶದಲ್ಲಿ ಕೂತಾಗಿದೆ," ಎಂದರು. "ಈಗ ಸ್ವಾಮಿ ಎದ್ದು ಹೋಗಿ ಮತ್ತೆ ಬನ್ನಿ, ನಮ್ಮುಡುಗ ಲೇಟು ಅಂತ ಹೇಳ್ಲಾ? ಕಲಶಕ್ಕೆ ಕೈ ಹಚ್ಚೋದು ಬೇಡ. ಬಾಪ್ಪಾ, ಕೈ ಕಾಲು ತೊಳ್ಕೊಂಡು ಕೂತ್ಕೊ. ನಿನ್ ನಕ್ಷತ್ರ ಹೇಳು. ಅದೊಂದೇ ಈಗ ಹೇಳ್ತೀನಿ, ಅಕ್ಷತೆ ಹಾಕು, ಸೇರಿದಂಗೇ." ಚಿಕ್ಕಪ್ಪ ಅಕ್ಷತೆ ಹಾಕಿದರು, ಸೇರಿದರು. ಪುರೋಹಿತರು ಅಜ್ಜಿಯ ಕಡೆ ತಿರುಗಿ, "ಈಗ ಹೇಳಿದ್ದು ಈ ಪೂಜೆಗೆ ಮಾತ್ರ. ಮುಂದಿನ ಸಲ ಶುರುನಲ್ಲೇ ಹೇಳ್ಬೇಕು, ಮರೀಬೇಡಿ" ಎಂದರು.

ನಾನು ಸಾಹೇಬರ ಕೈ ಹಿಡಿದುಕೊಂಡೆ. ಮೇಲಧಿಕಾರಿಯ ಕೈ ಹಿಡಿಯುವುದು ಅಂಥ ಕೇಂದ್ರದಲ್ಲಿ, ಅಂಥ ಕಾಲದಲ್ಲಿ! ಅಟೆಂಡರ್ ಬೇರೆ ಕಡೆ ನೋಡಿದ.

"ಸಾರ್, ದೇವರು ಕೂತಿದೆ ಸಾರ್. ಕಲಶ ಎತ್ಬೇಡಿ!" ಎಂದು ಕಿರುಚಿದೆ.

"ಏನಾಯ್ತಮ್ಮಾ ನಿಂಗೆ?"

"ಟೇಪಿನ ಮೊದಲ್ನೇ ಸಾಲು ಏನ್ ಸಾರ್?"

ಅವರು ಬಾಯಿ ತೆರೆದರು. ಮೊದಲ ಸಾಲು: ಹಿಂದಿನದೆಲ್ಲ ಒರೆಸಿಕೋ. ಟೇಪು ಪೂರ್ತಿ ಒಳಗೆ ಹೋಗುವುದು ಬೇಡ, ಆ ಒಂದು ಸಾಲು ಹೋಗಿದ್ದರೆ ಸಾಕಿತ್ತು, ಯಂತ್ರ ಎದ್ದಿದ್ದ ಹಾಗೇ ಮೇಷ್ಟ್ರ ಬಾವಿಗಳನ್ನೆಲ್ಲ ಒರೆಸಿ ಮುಂದಿನ ಸಾಲಿಗೆ ಹೋಗುತ್ತಿತ್ತು. ಸಾಹೇಬರು ಟೇಪಿನ ತುದಿಯನ್ನು ಹಾವು ಬಿಟ್ಟಂತೆ ಕೈಬಿಟ್ಟರು. ಪಕ್ಕದ ಕುರ್ಚಿಯ ಮೇಲೆ ಕೂತು ಒಂದು ಲೋಟ ನೀರು ತರಿಸಿಕೊಂಡು ಕುಡಿದರು.

ಆಮೇಲೆ ನಾನು ಅಜ್ಜಿಯ ಕಥೆಯನ್ನೂ ಪುರೋಹಿತರ ಮಾತನ್ನೂ ಹೇಳಿದೆ. ಹೇಳುತ್ತಿರುವಾಗಲೇ ಅವರು ಎದ್ದು ನಿಂತಿದ್ದರು. "ಅದೊಂದೇ ಸಾಲು!" ಎಂದರು. "ಟೇಪಲ್ಲಿರೋದೇನು ಬ್ರಹ್ಮಲಿಪಿನಾ? ನೀನು ದಿನಾ ಹಳೇ ಟೆಲಿಪ್ರಿಂಟರಲ್ಲಿ ಹೊಡಿಯೋ ಅದೇ ಆಜ್ಞೆಗಳು ತಾನೆ? ಆ ಹೊಸ ಸಾಲೊಂದನ್ನ ಕೈಯಲ್ಲೇ ಹೊಡಿ. ಬೇರೇದನ್ನ ಮುಟ್ಬೇಡ." ನಾನು ಇಷ್ಟು ಹೊತ್ತು ಅಲ್ಲಿಗೇ ಬರುತ್ತಿದ್ದೆ, ಅವರು ಮೊದಲು ತಲುಪಿದ್ದಕ್ಕೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಹೊಡೆಯುವುದು ನಾನೇ ತಾನೆ ಎಂದು ಸಮಾಧಾನ ಮಾಡಿಕೊಂಡೆ.

ಅಷ್ಟು ಜೋಪಾನವಾಗಿ ನಾನು ಆಮೇಲೆ ಯಾವ ಸಾಲನ್ನೂ ಹೊಡೆದಿಲ್ಲ. ಒಂದೊಂದು ಅಕ್ಷರಕ್ಕೂ ಸಾಹೇಬರು ಟೇಪು ಮಾಡಿಸಲು ಬರೆದುಕೊಂಡಿದ್ದ ಚೀಟಿ ನೋಡಿ ಹೇಳುತ್ತಿದ್ದರು, ನಾನು ಅದನ್ನೇ ಮತ್ತೆ ಹೇಳಿ ಕೀಲಿ ಒತ್ತುತ್ತಿದ್ದೆ. ಅಟೆಂಡರ್ ಅಡುಗೆಮನೆಯಿಂದ ನಾಲ್ಕು ಕಾಳು ಅಕ್ಕಿ ತಂದು ಅಂಗೈಯಲ್ಲಿ ಹಿಡಿದು ನಿಂತಿದ್ದ. ಕೊನೆಯ ಕೀಲಿ ಒತ್ತಿದೆ. ಅವನು ಹೊಸ ಟೆಲಿಪ್ರಿಂಟರಿನ ಮೇಲೆ ಅಕ್ಷತೆ ಹಾಕಿದ. ಅಕ್ಕಿ ಕೀಲಿಗಳ ಸಂದಿಗೆ ಬೀಳದಿರಲೆಂದು ಅಂಚಿಗೇ ಹಾಕಿದ, ಪುಣ್ಯಾತ್ಮ.

ಹೊಸ ಟೆಲಿಪ್ರಿಂಟರ್ ಒಮ್ಮೆ ಗುರ್ ಎಂದಿತು. ಆಮೇಲೆ ಕಟಕಟ ಎಂದು ಅದೇ ಪದ: ಸಿದ್ಧ. ನಾನು ಕೂಗಿದ ಕೂಗಿಗೆ ಮೇಷ್ಟ್ರು ಬಾಗಿಲು ತಳ್ಳಿಕೊಂಡು ಒಳಗೆ ಬಂದುಬಿಟ್ಟರು. ಮುಖ ಬಿಳಿಚಿತ್ತು.

"ನಿಲ್ಲಿಸ್ಬಿಟ್ರಾ?" ಎಂದರು.

"ಇಲ್ಲ ಮೇಷ್ಟ್ರೇ, ಓಡ್ತಾ ಇದೆ. ಇಲ್ನೋಡಿ." ಲೆಕ್ಕ ಎಲ್ಲಿಗೆ ಬಂದಿದೆ ಎಂದು ಹೊಸದರಲ್ಲೇ ಕೇಳಿದೆ. ಮುಕ್ಕಾಲು ಪಾಲು ಆಗಿದೆ ಎಂದು ಅದು ಹೊಸ ಕಪ್ಪು ಮಸಿಯಲ್ಲಿ ಹೊಡೆಯಿತು. ಮೇಷ್ಟ್ರು ಆ ಕಾಗದವನ್ನು ನೋಡಿ, ಕೂಡಲೇ ಕಣ್ಣು ಮುಚ್ಚಿಕೊಂಡು, ದೃಷ್ಟಿಯಾದೀತೆಂದು ಹೊರಗೆ ಓಡಿದರು. ನಾವು ಮೂವರೂ ನಗುತ್ತಾ ನಿಂತೆವು. ನನಗೆ ಅಳುವೂ ಬರುತ್ತಿತ್ತು.

ಸಂಜೆ ಬಸ್ಸಿನ ಹೊತ್ತಿಗೆ ಅಟೆಂಡರ್ ಹೊಸ ಟೇಪನ್ನು ಮತ್ತೆ ಮೊಳೆಗೆ ಹಾಕುತ್ತಾ, "ಇನ್ನಿದ್ಯಾಕೆ ಅಮ್ಮಣ್ಣಿ, ಅದು ಮಾತಾಡ್ತಲ್ಲ, ಎಸೆದ್ಬಿಡ್ಲಾ?" ಎಂದ. ಬೇಡವೆಂದೆ. ಈಗ ಹೊಡೆದದ್ದು ಈ ಪೂಜೆಗೆ ಮಾತ್ರ; ನಾಳೆ ಯಂತ್ರ ಮಲಗಿ ಎದ್ದರೆ ನಾನು ಕೈಯಲ್ಲಿ ಹೇಳಿದ್ದೆಲ್ಲ ಮರೆತಿರುತ್ತದೆ, ಆಗ ಶುರುವಿನಲ್ಲೇ ಹೇಳಲು ಆ ಟೇಪೇ ಬೇಕು ಎಂದೆ. ಅವನಿಗೆ ಚೆನ್ನಾಗಿ ಅರ್ಥವಾಯಿತು. ಹೊಸ ಟೇಪಿಗೆ ಇನ್ನೊಂದು ಹೂವಿಟ್ಟ. ಆ ಟೇಪನ್ನು ನೋಡುತ್ತಾ ನನ್ನ ತಲೆಗೆ ಬೇರೊಂದು ಯೋಚನೆ ಬಂತು. ಸಾಹೇಬರ ಕಿವಿಯಲ್ಲಿ ಹೇಳಿದೆ. "ಮಾಡು, ಮಾಡು" ಎಂದರು. ಆ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋದೆ, ಅಜ್ಜಿಯಿಂದ ಬೈಸಿಕೊಂಡೆ.

ಮಾರನೆಯ ಬೆಳಿಗ್ಗೆ ಮುಖ್ಯ ಕಚೇರಿಯವರು ಬಂದು ಕಾಫಿ ಕುಡಿಯುತ್ತಿರುವಾಗ ಲೆಕ್ಕ ಮುಗಿಯಿತು. ಹಳೆಯ ಟೆಲಿಪ್ರಿಂಟರ್ ಉತ್ತರ ಹೊಡೆಯಲು ಶುರುಮಾಡಿತು. ಆವತಿಯ ಬಾವಿಗಳು ಅರ್ಧ ಬಂದವು, ಅಷ್ಟರಲ್ಲಿ ಗಾಡಿ ಸಿಕ್ಕಿಕೊಂಡಿತು. ಒಂದರ ಮೇಲೊಂದು ಅಂಕಿ ಬಿದ್ದು ಕಾಗದದ ಅಂಚಿನಲ್ಲಿ ಕಪ್ಪು ಗುಡ್ಡೆಯಾಯಿತು. ಅಟೆಂಡರ್ ಅಂಗೈಯಲ್ಲಿ ಏಟು ಕೊಟ್ಟ. ಇನ್ನೊಂದು ಕೊಟ್ಟ. ಅದು ಮೊಂಡು ಹಿಡಿದ ಎಮ್ಮೆ. ಮೇಷ್ಟ್ರು ಗಾಜಿನ ಆಚೆ ಎದ್ದು ನಿಂತಿದ್ದರು, ಎರಡೂ ಕೈ ಎದೆಯ ಮೇಲಿತ್ತು.

ನಾನು ಹೊಸದರ ಮುಂದೆ ಹೋಗಿ ಕೂತೆ. ಹಿಂದಿನ ದಿನ ಅದನ್ನು ಯಂತ್ರಕ್ಕೆ ಪರಿಚಯ ಮಾಡಿಸದೆ ಇದ್ದಿದ್ದರೆ ಆಗ ನಾವು ಮಾಡುವಂಥದ್ದು ಏನೂ ಇರಲಿಲ್ಲ. ಉತ್ತರವನ್ನು ಮೊದಲಿನಿಂದ ಇಲ್ಲಿ ಹೊಡಿ ಎಂದು ಹೇಳಿದೆ. ಅದು ಹೊಡೆಯಿತು. ಆವತಿ, ಆಮೇಲೆ ಬೂದಿಗೆರೆ, ಆಮೇಲೆ ಅನುಗೊಂಡನಹಳ್ಳಿ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಒಂದಂಕಿಯೂ ಮಸುಕಾಗಲಿಲ್ಲ. ಕಾಗದ ಮೇಜಿನಿಂದ ಕೆಳಗಿಳಿದು ನೆಲದ ಮೇಲೆ ಮಡಿಕೆ ಮಡಿಕೆಯಾಗಿ ಕೂತಿತು. ಮೇಷ್ಟ್ರು ದೃಷ್ಟಿಯ ಮಾತು ಮರೆತು ಒಳಗೆ ಬಂದು ನೆಲದ ಮೇಲೇ ಕೂತು ಓದತೊಡಗಿದರು. "ಓಹೋ! ಬೂದಿಗೆರೆ ಕೆರೆ ಕೆಳಗಿನ ಬಾವಿ ಮಳೆ ಬಂದ್ ವಾರಕ್ಕೇ ಏರುತ್ತೆ ಅಂತ ನಾನ್ ಬಡ್ಕೊಂಡೆ, ಯಾರೂ ನಂಬ್ಲಿಲ್ಲ. ನೋಡಿ! ನೋಡಿ!" ಎಂದು ಮುಖ್ಯ ಕಚೇರಿಯವರ ಪ್ಯಾಂಟು ಹಿಡಿದು ಎಳೆದರು. ಅವರೂ ಪಾಪ, ಬಗ್ಗಿ ನೋಡಿದರು. ಟೆಲಿಪ್ರಿಂಟರ್ ನಮ್ಮಲ್ಲೇ ಉಳಿಯಿತು.

ಮಧ್ಯಾಹ್ನ ಅವರೆಲ್ಲ ಹೋದ ಮೇಲೆ, ಮೇಷ್ಟ್ರು ಕಾಗದದ ಕಟ್ಟನ್ನು ಕೈಚೀಲಕ್ಕೆ ತುರುಕಿಕೊಂಡು ಹೊರಡಲು ನಿಂತರು. ಸಾಹೇಬರು, "ಒಂದ್ ನಿಮಿಷ ಇರಿ ಮೇಷ್ಟ್ರೇ. ಈಗ ಇವನ್ನ ಮಲಗ್ಸಿ ಎಬ್ಬಿಸ್ತೀವಿ. ಹೊಸ ಟೇಪು ಸರಿಯಾಗಿದೆಯಾ ನೋಡ್ಬೇಕು. ನಿಮ್ ಲೆಕ್ಕ ಹೇಗೂ ಮುಗೀತಲ್ಲ" ಎಂದರು.

ಯಂತ್ರ ನಿಂತಿತು. ಬಹಳ ದಿನದ ಮೇಲೆ ಕೋಣೆ ಪೂರ್ತಿ ನಿಶ್ಶಬ್ದವಾಯಿತು. ಹೊರಗೆ ಹೊಲದಲ್ಲಿ ಯಾರೋ ಎತ್ತು ಕೂಗಿ ಹೊಡೆಯುವುದು ಕೇಳಿಸಿತು. ನಾನು ಹೊಸ ಟೇಪನ್ನು ಬಾಯಿಗೆ ಕೊಟ್ಟು ಗುಂಡಿ ಒತ್ತಿದೆ. ಟೇಪು ಸರ್ರನೆ ಒಳಗೆ ಹೋಗಿ ಆಚೆ ಬಂತು. ಹಳೆಯದು ಕುಂಟುತ್ತಾ ಸಿದ್ಧ ಎಂದಿತು. ಹೊಸದೂ, ಯಾರೂ ಏನೂ ಹೇಳದೆ, ತಾನಾಗಿ ಸಿದ್ಧ ಎಂದಿತು. ಅಲ್ಲಿಗೆ ನಿಲ್ಲಲಿಲ್ಲ. ಹಿಂದಿನ ಸಂಜೆ ನಾನು ಟೇಪಿನ ಕೊನೆಗೆ ಸೇರಿಸಿದ್ದ ಇನ್ನೊಂದು ಸಾಲು ಇತ್ತು. ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, ಒಂದರ ಕೆಳಗೊಂದು, ಅದು ಹೊಡೆಯಿತು: ಆವತಿ. ಬೂದಿಗೆರೆ. ಅನುಗೊಂಡನಹಳ್ಳಿ.

ಅಟೆಂಡರಿಗೆ ಇಂಗ್ಲಿಷ್ ಓದಲು ಬಾರದು. ನಾನು ಓದಿ ಹೇಳಿದೆ, ಮೇಷ್ಟ್ರ ರಾಗದಲ್ಲೇ ಹೇಳಿದೆ. ಅವನಿಗೆ ರೂಢಿಯಲ್ಲಿ ಕಾಫಿಗೆ ನೀರಿಡಲು ಹೋಗಬೇಕೆನಿಸಿತೇನೋ, ಒಂದು ಹೆಜ್ಜೆ ಹೋಗಿ ನಿಂತ.

ಮೇಷ್ಟ್ರು ಕೈಚೀಲ ಕೆಳಗಿಟ್ಟರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಆ ಕಾಗದದ ಹತ್ತಿರ ಬಗ್ಗಿದರು. ಬೆರಳಿನಿಂದ ಒಂದೊಂದು ಹೆಸರನ್ನೂ ಮುಟ್ಟಿದರು.

"ಇವತ್ತೊಂದಿನ ಹೇಳುತ್ತೇನಮ್ಮಾ ಇದು?"

"ಇಲ್ಲ ಮೇಷ್ಟ್ರೇ. ಟೇಪಲ್ಲೇ ಸೇರ್ಸಿದೀನಿ. ಮಲಗಿ ಎದ್ದಾಗೆಲ್ಲ ಹೇಳುತ್ತೆ. ಕರೆಂಟು ಹೋಗಿ ಬಂದಾಗೆಲ್ಲ ಹೇಳುತ್ತೆ."

ಅವರು ಕೈಚೀಲ ಎತ್ತಿಕೊಂಡು ಹೊರಗೆ ಬಂದರು. ನಾವೆಲ್ಲ ಗೇಟಿನವರೆಗೆ ಹೋದೆವು. ಕರೆಂಟು ಕಂಬದ ಹತ್ತಿರ ಅವರು ನಿಂತರು. ನಾನು, ಇನ್ನೊಮ್ಮೆ ಬೈಯುತ್ತಾರೇನೋ ಎಂದುಕೊಂಡೆ. ಅವರು ತಲೆಯೆತ್ತಿ ತಂತಿಗಳನ್ನು ನೋಡಿ, ಕಂಬಕ್ಕೆ ಮೆತ್ತಗೆ ಎರಡು ಸಲ ತಟ್ಟಿದರು.

"ಆಗಾಗ ಹೋಗ್ತಾ ಇರಪ್ಪಾ ನೀನು," ಎಂದರು.